ಈಜಿದ್ದು 1500 ಮೀಟರ್, ವಾಚ್ ತೋರಿಸಿದ್ದು 1820: ಯಾಕೆ ಹೀಗೆ?

ಪ್ರಶ್ನೆ: ಎರಡು ವರ್ಷ ಪೂಲ್‌ನಲ್ಲಿ ಈಜಿ ಈಗ ಕೆರೆಗೆ ಇಳಿದಿದ್ದೇನೆ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ತಯಾರಿಗೆ ಅಂತ ಒಂದು ಜಿಪಿಎಸ್ ವಾಚ್ ತಗೊಂಡೆ. ಪೂಲ್‌ನಲ್ಲಿ ಅದು ಒಂದು ಮೀಟರೂ ತಪ್ಪಿಲ್ಲ. ಕೆರೆಯಲ್ಲಿ ಮಾತ್ರ ಲೆಕ್ಕವೇ ಹತ್ತುವುದಿಲ್ಲ. ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯ್‌ಗಳನ್ನು ಸುತ್ತಿ ಬರುವ 1500 ಮೀಟರ್ ದಾರಿಯನ್ನು ಮೊದಲ ದಿನ 1820 ಅಂತ ತೋರಿಸಿತು. ಮುಂದಿನ ವಾರ ಅದೇ ದಾರಿ 1310 ಆಯಿತು. ಆವತ್ತು ಸುಸ್ತಾಗಿ ನಡುನಡುವೆ ಬ್ರೆಸ್ಟ್‌ಸ್ಟ್ರೋಕ್ ಈಜಿದ್ದೆ. ಮ್ಯಾಪ್ ನೋಡಿದರೆ ಗೆರೆ ಅಡ್ಡಾದಿಡ್ಡಿ, ಒಂದು ಕಡೆ ದಡದ ಮೇಲೂ ಹತ್ತಿದೆ. ಎದೆಬಡಿತ ಒಮ್ಮೆ 95, ಮರುಕ್ಷಣ 170. ವಾಚ್ ಕೆಟ್ಟಿದೆಯಾ? ವಾಪಸ್ ಕೊಡಲಾ? ಟೋಪಿಯೊಳಗೆ ಇಟ್ಟುಕೊಂಡು ಈಜು ಅಂತ ಜೊತೆಯವರು ಹೇಳುತ್ತಾರೆ. ಅದು ಸರಿಯಾ?

ಉತ್ತರ: ವಾಪಸ್ ಕೊಡಬೇಡಿ, ಸದ್ಯಕ್ಕಂತೂ ಬೇಡ. ನೀವು ಬರೆದದ್ದನ್ನು ಎರಡು ಸಲ ಓದಿದೆ. ವಾಚ್ ಕೆಟ್ಟಿರುವ ಲಕ್ಷಣ ಅದರಲ್ಲಿ ನನಗೆ ಕಾಣಲಿಲ್ಲ. ನೀರಿನಲ್ಲಿ ಆ ವಾಚ್‌ಗೆ ಕಾಣಿಸುವುದೇ ತುಂಬಾ ಕಡಿಮೆ. ಉಳಿದದ್ದನ್ನು ಅದು ಊಹಿಸಿ ತುಂಬುತ್ತದೆ. ಯಾವುದು ಕಂಡದ್ದು, ಯಾವುದು ಊಹೆ ಅಂತ ನಿಮಗೆ ಗೊತ್ತಾದರೆ ಅದೇ ವಾಚ್ ನಿಮಗೆ ತುಂಬಾ ಕೆಲಸಕ್ಕೆ ಬರುತ್ತದೆ.

ಮೊದಲು ಪೂಲ್ ವಿಷಯ ಮುಗಿಸಿಬಿಡೋಣ. ಪೂಲ್‌ನಲ್ಲಿ ನಿಮ್ಮ ವಾಚ್ ಜಿಪಿಎಸ್ ಬಳಸುವುದೇ ಇಲ್ಲ. ಕೊಳ 25 ಮೀಟರ್ ಉದ್ದ ಅಂತ ನೀವೇ ಅದಕ್ಕೆ ಹೇಳಿಕೊಟ್ಟಿರುತ್ತೀರಿ. ನೀವು ಗೋಡೆಗೆ ಒದ್ದು ಹೊರಟಾಗ ಕೈಯ ಚಲನೆ ಬದಲಾಗುತ್ತದೆ. ಒಳಗಿರುವ ಆಕ್ಸೆಲೆರೋಮೀಟರ್ (ಚಲನೆ ಅಳೆಯುವ ಸೆನ್ಸರ್) ಅದನ್ನು ಗುರುತಿಸಿ ಒಂದು ಲ್ಯಾಪ್ ಎಣಿಸುತ್ತದೆ. 60 ಲ್ಯಾಪ್ ಆದರೆ 60 ಗುಣಿಸು 25, ಅಂದರೆ 1500. ಬರೀ ಎಣಿಕೆ. ಹಾಗಾಗಿ ಪೂಲ್‌ನಲ್ಲಿ ಸರಿ ಬಂತು ಅನ್ನುವುದರಿಂದ ಜಿಪಿಎಸ್ ಹೇಗಿದೆ ಅಂತ ಏನೂ ತಿಳಿಯುವುದಿಲ್ಲ. ಕೆರೆಯಲ್ಲಿ ಗೋಡೆಯೂ ಇಲ್ಲ, ಲ್ಯಾಪೂ ಇಲ್ಲ. ಅಲ್ಲಿ ವಾಚ್ ಆಕಾಶವನ್ನೇ ನಂಬಬೇಕು.

ಆಕಾಶದಲ್ಲಿ ಇರುವುದೇನು? ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು. ಅಷ್ಟು ದೂರದಿಂದ ಬರುವ ಸಿಗ್ನಲ್ ನಮ್ಮ ಮಣಿಕಟ್ಟು ತಲುಪುವಷ್ಟರಲ್ಲಿ ತೀರಾ ಕ್ಷೀಣವಾಗಿರುತ್ತದೆ. ಅದರ ಮುಖ್ಯ ತರಂಗ 1575.42 ಮೆಗಾಹರ್ಟ್ಸ್‌ನದು. ಈ ತರಂಗವನ್ನು ನೀರು ಬೇಗ ಹೀರಿಕೊಳ್ಳುತ್ತದೆ. ಉಪ್ಪುನೀರಾದರೆ ಒಂದೆರಡು ಸೆಂಟಿಮೀಟರ್ ಕೆಳಗೇ ಅದರ ಕಥೆ ಮುಗಿಯಿತು. ಸಿಹಿನೀರಿನಲ್ಲಿ ಇನ್ನು ಸ್ವಲ್ಪ ಕೆಳಗೆ ಇಳಿಯಬಹುದು. ಆದರೆ ನೀರನ್ನು ಹಿಂದಕ್ಕೆ ತಳ್ಳುವಾಗ ನಿಮ್ಮ ಕೈ ಅರ್ಧ ಮೀಟರ್ ಆಳದಲ್ಲಿ ಇರುತ್ತದೆ, ಅಲ್ಲಿಗೆ ಏನೂ ತಲುಪುವುದಿಲ್ಲ.

ಈಗ ನಿಮ್ಮ ಕೈಯನ್ನೇ ನೋಡಿ. ಫ್ರೀಸ್ಟೈಲ್‌ನಲ್ಲಿ ಎರಡೂ ಕೈ ಸೇರಿ ನಿಮಿಷಕ್ಕೆ 60 ಸ್ಟ್ರೋಕ್ ಹಾಕುತ್ತೀರಿ ಅಂದುಕೊಳ್ಳಿ. ವಾಚ್ ಇರುವ ಕೈಯ ಪಾಲಿಗೆ 30. ಅಂದರೆ ಎರಡು ಸೆಕೆಂಡಿಗೆ ಒಂದು ಸುತ್ತು. ಕೈ ತೊಡೆಯ ಪಕ್ಕದಿಂದ ಹೊರಗೆ ಬರುತ್ತದೆ, ಮೊಣಕೈ ಮೇಲೇಳುತ್ತದೆ, ಬೆರಳುಗಳು ನೀರ ಮೇಲೆ ಜಾರಿ ತಲೆಯ ಮುಂದೆ ಮತ್ತೆ ಒಳಗೆ ಹೋಗುತ್ತವೆ. ಇಷ್ಟರಲ್ಲಿ ವಾಚ್ ಗಾಳಿಯಲ್ಲಿ ಇದ್ದದ್ದು ಅರ್ಧ ಸೆಕೆಂಡೋ ಮುಕ್ಕಾಲು ಸೆಕೆಂಡೋ. ಅದೂ ತಲೆಕೆಳಗಾಗಿ ತಿರುಗುತ್ತಾ, ಗಾಜಿನ ಮೇಲಿನಿಂದ ನೀರು ಇಳಿಯುತ್ತಾ. ಆ ಗಳಿಗೆಯಲ್ಲಿ ಅದು ಕನಿಷ್ಠ ನಾಲ್ಕು ಉಪಗ್ರಹಗಳನ್ನು ಮತ್ತೆ ಹಿಡಿಯಬೇಕು, ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಬೇಕು. ಆಮೇಲೆ ಮತ್ತೆ ಒಂದೂಕಾಲು ಸೆಕೆಂಡು ಕತ್ತಲು. ಒಂದೂವರೆ ಕಿಲೋಮೀಟರ್‌ಗೆ ಹೀಗೆ ಸಾವಿರದ ಹತ್ತಿರ ಸಲ. ಇಷ್ಟು ಕಣ್ಣುಮುಚ್ಚಾಲೆಯ ನಡುವೆ ಅದು ಒಂದು ಗೆರೆ ಎಳೆದು ಕೊಡುತ್ತದಲ್ಲ, ನನಗೆ ಇವತ್ತಿಗೂ ಅದು ಆಶ್ಚರ್ಯವೇ.

ಗೆರೆ ಎಳೆಯುವಾಗ ವಾಚ್ ಸ್ವಲ್ಪ ಜಾಣತನ ಮಾಡುತ್ತದೆ. ಓಪನ್ ವಾಟರ್ ಮೋಡ್ (ಕೆರೆ, ಕಡಲಿನ ಈಜಿಗೆ ಅಂತ ಇರುವುದು) ಹಾಕಿದರೆ ಕೈ ಯಾವಾಗ ಹೊರಗೆ ಬರುತ್ತದೆ ಅಂತ ಅದಕ್ಕೆ ಗೊತ್ತಿರುತ್ತದೆ. ಆ ಹೊತ್ತಿಗೆ ಸಿಕ್ಕ ಗುರುತುಗಳಿಗೆ ಬೆಲೆ ಕೊಟ್ಟು, ಉಳಿದ ಹುಚ್ಚು ಗುರುತುಗಳನ್ನು ತೆಗೆದುಹಾಕುತ್ತದೆ. ಅದಕ್ಕೇ ಓಟದ ಮೋಡ್ ಹಾಕಿಕೊಂಡು ಮಣಿಕಟ್ಟಿನಲ್ಲಿ ವಾಚ್ ಕಟ್ಟಿ ಈಜಬಾರದು. ಹಾಗೆ ಈಜಿದರೆ ಗೆರೆ ಊರೆಲ್ಲಾ ಸುತ್ತಿ ಬರುತ್ತದೆ. ಮೊದಲ ದಿನ ನೀವು ಯಾವ ಮೋಡ್ ಹಾಕಿದ್ದಿರಿ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಆ 1820. "ನಾನು ಸೊಟ್ಟಗೆ ಈಜಿರಬೇಕು, ಅದಕ್ಕೇ ಜಾಸ್ತಿ ಬಂದಿದೆ" ಅಂತ ಎಷ್ಟೋ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಲೆಕ್ಕ ಮಾಡಿ ನೋಡೋಣ. ನೀವು ಇಡೀ ದಾರಿ 10 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಈಜಿದರೂ 1500 ಮೀಟರ್‌ಗೆ ಜಾಸ್ತಿಯಾಗುವುದು 23 ಮೀಟರ್ ಮಾತ್ರ. 20 ಡಿಗ್ರಿ ಓರೆಯಾದರೆ 96 ಮೀಟರ್. 1820 ಆಗಬೇಕಾದರೆ ಮೊದಲಿನಿಂದ ಕೊನೆಯವರೆಗೆ 34 ಡಿಗ್ರಿ ಓರೆಯಾಗಿಯೇ ಈಜಿರಬೇಕು. ಬೋಯ್ ನೋಡಿಕೊಂಡು ಈಜುವವರು ಯಾರೂ ಅಷ್ಟು ದಾರಿ ತಪ್ಪುವುದಿಲ್ಲ. ಆ 320 ಮೀಟರ್‌ನಲ್ಲಿ ಹೆಚ್ಚಿನ ಪಾಲು ವಾಚ್‌ನ ಊಹೆಯದೇ.

ಊಹೆ ತಪ್ಪಿದರೆ ದೂರ ಯಾಕೆ ಬೆಳೆಯುತ್ತದೆ? ನೀವು ನೇರ ಹೋಗುತ್ತಿದ್ದೀರಿ. 10 ಮೀಟರ್‌ಗೊಮ್ಮೆ ಒಂದು ಚುಕ್ಕಿ ಬೀಳುತ್ತದೆ ಅಂದುಕೊಳ್ಳಿ. ಪ್ರತಿ ಚುಕ್ಕಿ ಹಿಂದಿನದಕ್ಕಿಂತ 6 ಮೀಟರ್ ಪಕ್ಕಕ್ಕೆ ಬಿದ್ದರೆ ವಾಚ್ ಅಳೆಯುವುದು ಓರೆ ಗೆರೆಯನ್ನು, ಅಂದರೆ 11.66 ಮೀಟರ್. ಹೀಗೇ ಕೂಡಿಸುತ್ತಾ ಹೋದರೆ 1500 ಮೀಟರ್ ಸುಮಾರು 1750 ಆಗುತ್ತದೆ. ಓಡುವವರಿಗೂ ಇದೇ ತಪ್ಪು ಆಗುತ್ತದೆ. ಆದರೆ ನೀವು 10 ಮೀಟರ್ ಈಜುವ ಹೊತ್ತಿಗೆ ಅವರು 30 ಮೀಟರ್ ಹೋಗಿರುತ್ತಾರೆ. 30 ಮೀಟರ್‌ಗೆ 6 ಮೀಟರ್ ಪಕ್ಕಕ್ಕೆ ಸರಿದರೆ ಜಾಸ್ತಿಯಾಗುವುದು ಬರೀ ಶೇಕಡಾ 2. ನಮ್ಮ ಈಜು ನಿಧಾನ, ಅದಕ್ಕೇ ಅದೇ ತಪ್ಪು ನಮಗೆ ದುಬಾರಿ.

1310ರ ಕಥೆ ಬೇರೆ. ಅದರ ಸುಳಿವನ್ನು ನೀವೇ ಬರೆದಿದ್ದೀರಿ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಣಿಕಟ್ಟು ನೀರಿನಿಂದ ಹೊರಗೆ ಬರುವುದೇ ಇಲ್ಲ. ಮೇಲಕ್ಕೆ ಬಂದರೂ ಒಂದು ಪದರ ನೀರಿನ ಕೆಳಗೇ ಇರುತ್ತದೆ. ಅಷ್ಟು ಹೊತ್ತೂ ವಾಚ್ ಕುರುಡು. ಮತ್ತೆ ಫ್ರೀಸ್ಟೈಲ್ ಶುರು ಮಾಡಿದಾಗ ಹೊಸ ಜಾಗ ಕಾಣುತ್ತದೆ. ಹಳೆಯ ಚುಕ್ಕಿಗೂ ಹೊಸ ಚುಕ್ಕಿಗೂ ಅದು ಒಂದು ನೇರ ಗೆರೆ ಎಳೆದುಬಿಡುತ್ತದೆ. ಆ ನಡುವೆ ನೀವು ಒಂದು ಬೋಯ್ ಸುತ್ತಿದ್ದರೆ ಆ ಮೂಲೆಯೇ ಮಾಯ. ಎರಡು ಮೂಲೆ ಹೀಗೆ ಕತ್ತರಿಸಿದರೆ 190 ಮೀಟರ್ ಹೋಗುವುದು ದೊಡ್ಡ ಮಾತಲ್ಲ. ಮ್ಯಾಪ್‌ನಲ್ಲಿ ಆ ದಿನದ ಗೆರೆಯನ್ನು ದೊಡ್ಡದು ಮಾಡಿ ನೋಡಿ, ಎಲ್ಲೋ ಒಂದೆರಡು ಕಡೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ ಸಿಗುತ್ತದೆ.

ಇನ್ನೊಂದು ಮಾತು. ಆ 1500 ಕೂಡ ಪೂರ್ತಿ ನಂಬುವಂಥದ್ದಲ್ಲ. ಬೋಯ್‌ಗಳನ್ನು ಹಗ್ಗ ಕಟ್ಟಿ ಬಿಟ್ಟಿರುತ್ತಾರೆ. ನೀರು 6 ಮೀಟರ್ ಆಳ, ಹಗ್ಗ 15 ಮೀಟರ್ ಉದ್ದ ಇದ್ದರೆ ಗಾಳಿ ಬೀಸಿದ ಕಡೆಗೆ ಆ ಬೋಯ್ 13 ಮೀಟರ್‌ಗಿಂತ ಜಾಸ್ತಿ ಸರಿಯಬಹುದು. ಮೂರ್ನಾಲ್ಕು ಬೋಯ್ ಇರುವ ದಾರಿಯಲ್ಲಿ ಇದೂ ಸೇರಿಕೊಳ್ಳುತ್ತದೆ. ಶೇಕಡಾ 3ರಿಂದ 5ರಷ್ಟು ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಓಪನ್ ವಾಟರ್‌ನಲ್ಲಿ ಅದು ಒಳ್ಳೆಯ ಅಳತೆಯೇ.

ಸರಿ, ಏನು ಮಾಡಬೇಕು? ನನ್ನ ಪ್ರಕಾರ ಅರ್ಧ ಕೆಲಸ ನೀರಿಗೆ ಇಳಿಯುವ ಮೊದಲೇ ಆಗಬೇಕು. ಜನ ಇಲ್ಲೇ ಅವಸರ ಮಾಡುತ್ತಾರೆ. ವಾಚ್ ಆನ್ ಮಾಡಿ, ಸಿಗ್ನಲ್ ಸಿಕ್ಕಿತು ಅನ್ನುವ ಹಸಿರು ಬಂದ ಕೂಡಲೇ ಬಟನ್ ಒತ್ತಿ ಧುಮುಕುತ್ತಾರೆ. ಒಂದೊಂದು ಉಪಗ್ರಹವೂ ತಾನು ಯಾವ ಕಕ್ಷೆಯಲ್ಲಿ ಎಲ್ಲಿದ್ದೇನೆ ಅಂತ ಸೆಕೆಂಡಿಗೆ 50 ಬಿಟ್‌ನಂತೆ ನಿಧಾನವಾಗಿ ಹೇಳುತ್ತಿರುತ್ತದೆ. ಹೇಳಿ ಮುಗಿಸಲು ಸುಮಾರು ಅರ್ಧ ನಿಮಿಷ ಬೇಕು, ಆಮೇಲೆ ಮತ್ತೆ ಮೊದಲಿನಿಂದ ಶುರು. ಅರ್ಧರ್ಧ ಸೆಕೆಂಡು ಮಾತ್ರ ನೀರಿನ ಹೊರಗಿರುವ ವಾಚ್ ಇದನ್ನು ಪೂರ್ತಿ ಕೇಳಿಸಿಕೊಳ್ಳಲು ಸಾಧ್ಯವೇ ಇಲ್ಲ. ದಡದಲ್ಲೇ ಕೇಳಿಸಿಕೊಂಡಿರಬೇಕು. ಮನೆಯಿಂದ ಹೊರಡುವ ಮೊದಲು ವಾಚನ್ನು ಫೋನ್ ಜೊತೆ ಸಿಂಕ್ ಮಾಡಿದರೆ ಮುಂದಿನ ಕೆಲವು ದಿನಗಳ ಕಕ್ಷೆಯ ವಿವರ ಮೊದಲೇ ಇಳಿದಿರುತ್ತದೆ, ಆಗ ಸಿಗ್ನಲ್ ಬೇಗ ಸಿಗುತ್ತದೆ. ಆದರೂ ಹಸಿರು ಬಂದ ಮೇಲೆ ಎರಡು ನಿಮಿಷ ಸುಮ್ನೆ ನಿಲ್ಲಿ. ಮರ, ಕಟ್ಟಡ, ಬಂಡೆಯ ಪಕ್ಕ ಬೇಡ, ಬಯಲಲ್ಲಿ ನಿಲ್ಲಿ. ಗಾಗಲ್ಸ್ ಸರಿಮಾಡಿಕೊಳ್ಳಿ, ಭುಜ ಸಡಿಲ ಮಾಡಿ. ಅಷ್ಟರಲ್ಲಿ ವಾಚ್ ಇನ್ನಷ್ಟು ಉಪಗ್ರಹಗಳನ್ನು ಹಿಡಿದಿರುತ್ತದೆ.

ನೀರಿಗೆ ಇಳಿದ ಮೇಲೂ ಕೈ ಮುಳುಗಿಸಬೇಡಿ. ಸೊಂಟದ ಆಳದಲ್ಲಿ ನಿಂತು, ವಾಚ್ ಇರುವ ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದು, ಗಾಜು ಆಕಾಶ ನೋಡುವ ಹಾಗೆ ಇಟ್ಟುಕೊಂಡು ಸ್ಟಾರ್ಟ್ ಒತ್ತಿ. ಆಮೇಲೆ ಹೊರಡಿ. ಮಧ್ಯೆ ಉಸಿರು ತೆಗೆದುಕೊಳ್ಳಲು ನಿಂತಾಗಲೂ ಹಾಗೇ ಮಾಡಿ. ನಿಂತಲ್ಲೇ ತೇಲಲು ಕೈಗಳನ್ನು ನೀರೊಳಗೆ ಆಡಿಸುತ್ತೀರಲ್ಲ, ಆಗ ವಾಚ್ ಪೂರ್ತಿ ಮುಳುಗಿ ಜಾಗ ಕಳೆದುಕೊಳ್ಳುತ್ತದೆ. ಅದರ ಬದಲು ಬೆನ್ನ ಮೇಲೆ ತೇಲಿ, ಆ ಕೈಯನ್ನು ಎದೆಯ ಮೇಲೆ ಇಟ್ಟುಕೊಳ್ಳಿ. ಇಷ್ಟು ಮಾಡಿದ್ದಕ್ಕೇ ಗೆರೆ ಎಷ್ಟು ಚೊಕ್ಕವಾಗುತ್ತದೆ ಅಂತ ನೀವೇ ನೋಡುತ್ತೀರಿ. ದಡ ಸೇರಿದ ಕೂಡಲೇ ಸ್ಟಾಪ್ ಒತ್ತುವುದನ್ನು ಮರೆಯಬೇಡಿ. ದಡದ ಮೇಲೆ ಹತ್ತಿದ ಗೆರೆ ಅಂದಿರಲ್ಲ, ಅದು ಕೊನೆಯ ಭಾಗದಲ್ಲಿದ್ದರೆ ನೀವೇ ನಡೆದುಕೊಂಡು ಹೋದದ್ದಿರಬಹುದು.

ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಕಡೆ ಕೈಯಾಡಿಸಿ ಸಾಕು. ರೆಕಾರ್ಡಿಂಗ್ ಪ್ರತಿ ಸೆಕೆಂಡಿಗೆ ಅಂತ ಇರಲಿ. ಸ್ಮಾರ್ಟ್ ರೆಕಾರ್ಡಿಂಗ್ ಅನ್ನುವುದು ಚುಕ್ಕಿಗಳನ್ನು ಬಿಟ್ಟುಬಿಡುತ್ತದೆ. ಉಪಗ್ರಹಗಳು ಜಿಪಿಎಸ್ ಒಂದೇ ಬೇಡ, ಯುರೋಪಿನ ಗೆಲಿಲಿಯೋ, ರಷ್ಯಾದ ಗ್ಲೋನಾಸ್ ಇತ್ಯಾದಿ ಎಲ್ಲವೂ ಆನ್ ಇರಲಿ. ಅರ್ಧ ಸೆಕೆಂಡಿನಲ್ಲಿ ನಾಲ್ಕು ಹಿಡಿಯಬೇಕಾದಾಗ ಆಕಾಶದಲ್ಲಿ ಹೆಚ್ಚು ಇದ್ದಷ್ಟೂ ಅನುಕೂಲ. ಆಟೋ ಪಾಸ್ (auto pause, ನೀವು ನಿಂತಾಗ ತಾನೇ ರೆಕಾರ್ಡಿಂಗ್ ತಡೆಯುವುದು) ಆಫ್ ಮಾಡಿ, ಇಲ್ಲದಿದ್ದರೆ ಸಿಗ್ನಲ್ ಹೋದಾಗ ನೀವು ನಿಂತಿದ್ದೀರಿ ಅಂತ ಅದು ತಿಳಿಯಬಹುದು. ಟಚ್‌ಸ್ಕ್ರೀನ್ ಲಾಕ್ ಮಾಡಿ. ನೀರು ತಾಗಿದ್ದನ್ನೇ ಬೆರಳು ಅಂದುಕೊಂಡು ಅದು ಅರ್ಧದಲ್ಲೇ ಈಜು ನಿಲ್ಲಿಸಿದ ಉದಾಹರಣೆ ಬೇಕಾದಷ್ಟಿವೆ. ಎರಡು ತರಂಗ ಹಿಡಿಯುವ ವಾಚ್‌ಗಳು ಈಗ ಬಂದಿವೆ. 1575.42 ಜೊತೆಗೆ 1176.45 ಮೆಗಾಹರ್ಟ್ಸ್ ಅನ್ನೂ ಕೇಳುತ್ತವೆ. 2022ರಲ್ಲಿ ಬಂದ ಆಪಲ್ ವಾಚ್ ಅಲ್ಟ್ರಾ ಅಂಥದ್ದೇ. ಕಟ್ಟಡ, ಬೆಟ್ಟಗಳಿಗೆ ಬಡಿದು ಬರುವ ಸಿಗ್ನಲ್‌ನಿಂದ ಆಗುವ ತಪ್ಪು ಇದರಲ್ಲಿ ಕಡಿಮೆ. ಆದರೆ ನೀರೊಳಗೆ ಆ ತರಂಗವೂ ಬರುವುದಿಲ್ಲ. ಈಜಿಗೆ ಅಂತಲೇ ಹೊಸ ವಾಚ್ ಕೊಳ್ಳುವಷ್ಟು ವ್ಯತ್ಯಾಸ ಇಲ್ಲ.

ಯಾವ ಕೈಗೆ ಕಟ್ಟಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಉಸಿರಿಗೆ ತಿರುಗುವ ಕಡೆಯ ಕೈ ಸಾಮಾನ್ಯವಾಗಿ ನೀರಿನಿಂದ ಹೆಚ್ಚು ಮೇಲೆ ಏಳುತ್ತದೆ. ಮೈ ಆ ಕಡೆಗೆ ಜಾಸ್ತಿ ಉರುಳುತ್ತದಲ್ಲ, ಅದಕ್ಕೆ. ಬಲಗಡೆ ಉಸಿರಾಡುವವರಾದರೆ ಒಮ್ಮೆ ಬಲಗೈಗೆ ಕಟ್ಟಿ ನೋಡಿ. ವೆಟ್‌ಸೂಟ್ (ಮೈಗಂಟುವ ರಬ್ಬರ್ ಈಜುಡುಗೆ) ಹಾಕಿದರೆ ವಾಚ್ ಅದರ ತೋಳಿನ ಮೇಲೆ ಇರಲಿ, ಒಳಗಲ್ಲ. ಪಟ್ಟಿ ಬಿಗಿಯಾಗಿರಲಿ. ಸುಲಭವಾಗಿ ಕಳಚುವ ಕ್ಲಿಪ್ ಪಟ್ಟಿಗಿಂತ ಸೂಜಿ ಬಕಲ್ ವಾಸಿ. ಸ್ಪರ್ಧೆ ಶುರುವಾದಾಗ ನೂರು ಜನರ ಕೈಕಾಲು ಒಟ್ಟಿಗೆ ಬಡಿಯುವಾಗ ವಾಚ್ ಕಳಚಿ ತಳ ಸೇರುವುದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಈಗ ಟೋಪಿ. ಇದು ಹಳೆಯ ಉಪಾಯ. ಮಣಿಕಟ್ಟಿನಿಂದಲೇ ಓಪನ್ ವಾಟರ್ ಅಳೆಯುವ ಮೋಡ್‌ಗಳು ಬರುವ ಮೊದಲು ಟ್ರಯಥ್ಲಾನ್ ಮಂದಿ ವಾಚನ್ನು ತಲೆಯ ಹಿಂಭಾಗದಲ್ಲಿ ಟೋಪಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಗಾರ್ಮಿನ್ ಕಂಪನಿಯ ಫೋರ್‌ರನ್ನರ್ 910ಎಕ್ಸ್‌ಟಿ ಥರದ ವಾಚ್‌ಗಳು 2011ರಿಂದ ಈಚೆಗೆ ಬಂದ ಮೇಲೆ ಆ ಅಭ್ಯಾಸ ಕಡಿಮೆಯಾಯಿತು. ಆದರೆ ಉಪಾಯ ಸುಳ್ಳಲ್ಲ. ತಲೆ ಹೆಚ್ಚು ಹೊತ್ತು ನೀರಿನ ಮೇಲೆಯೇ ಇರುತ್ತದೆ. ತೆಳು ಸಿಲಿಕೋನ್ ಟೋಪಿ ಸಿಗ್ನಲ್‌ಗೆ ಅಡ್ಡ ಬರುವುದಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಈಜಿದರೂ ಗೆರೆ ಚೆನ್ನಾಗಿ ಬರುತ್ತದೆ. ಹಾಗೆ ಇಟ್ಟುಕೊಂಡರೆ ಮಾತ್ರ ಓಪನ್ ವಾಟರ್ ಮೋಡ್ ಹಾಕಬೇಡಿ. ಕೈಯ ಚಲನೆ ಸಿಗದೆ ಅದು ಗೊಂದಲಕ್ಕೆ ಬೀಳುತ್ತದೆ. ನಡಿಗೆಯ ಮೋಡ್ ಹಾಕಿ. ಸ್ಟ್ರೋಕ್ ಎಣಿಕೆ ಇರುವುದಿಲ್ಲ, ಎದೆಬಡಿತ ಇರುವುದಿಲ್ಲ, ಸಮಯ ನೋಡಲಾಗುವುದಿಲ್ಲ. ಟೋಪಿ ಕಳಚಿದರೆ ವಾಚೂ ಹೋಯಿತು.

ಟೋಪಿಗಿಂತ ನನಗೆ ಇಷ್ಟವಾದದ್ದು ಟೋ ಫ್ಲೋಟ್. ಸೊಂಟಕ್ಕೆ ಬೆಲ್ಟ್ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ ಬಣ್ಣದ ಗಾಳಿಚೀಲ. ದೋಣಿಯವರಿಗೆ ನೀವು ದೂರದಿಂದಲೇ ಕಾಣಬೇಕು ಅಂತ ಅದು ಇರಲೇಬೇಕು, ವಾಚ್ ಇರಲಿ ಬಿಡಲಿ. ಕೆಲವು ಫ್ಲೋಟ್‌ಗಳಲ್ಲಿ ಸಾಮಾನು ಇಡಲು ನೀರು ಹೋಗದ ಜಾಗ ಇರುತ್ತದೆ. ಒಂದು ಹಳೆಯ ಜಿಪಿಎಸ್ ವಾಚ್ ಅಥವಾ ಫೋನ್ ಅದರಲ್ಲಿ ಹಾಕಿದರೆ ಇಡೀ ದಾರಿ ಆಕಾಶ ನೋಡುತ್ತಲೇ ಬರುತ್ತದೆ. ಮಣಿಕಟ್ಟಿನ ಗೆರೆಯನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಪೇಸ್, ಅಂದರೆ 100 ಮೀಟರ್‌ಗೆ ಹಿಡಿಯುವ ಸಮಯ, ಅದರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜಿಪಿಎಸ್ ಅಳೆಯುವುದು ನೆಲದ ಲೆಕ್ಕದಲ್ಲಿ ನೀವು ಎಷ್ಟು ಸರಿದಿರಿ ಅಂತ. ನೀರೇ ಸರಿಯುತ್ತಿದ್ದರೆ ಅದೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಒಮ್ಮೆ ನಾನು ಕಡಲಲ್ಲಿ ದಡದ ಉದ್ದಕ್ಕೂ ಈಜುತ್ತಿದ್ದೆ. 500 ಮೀಟರ್‌ಗೆ ವಾಚ್ ಗುರ್ ಅಂದಾಗ ನೋಡಿದೆ. 100 ಮೀಟರ್‌ಗೆ ಒಂದೂವರೆ ನಿಮಿಷದ ಹತ್ತಿರ. ನನ್ನದು ಮಾಮೂಲಿ ಎರಡು ನಿಮಿಷ. ಮೈ ಹಗುರವಾಗಿತ್ತು, ಇವತ್ತು ಚೆನ್ನಾಗಿ ಈಜುತ್ತಿದ್ದೇನೆ ಅಂದುಕೊಂಡು ಇನ್ನೂ 500 ಹೋದೆ. ತಿರುಗಿದ ಮೇಲೆ ಎಡಗಡೆ ದಡದಲ್ಲಿ ಒಂದು ಕಪ್ಪು ಬಂಡೆ ಕಾಣಿಸಿತು. ಐವತ್ತು ಸ್ಟ್ರೋಕ್ ಹಾಕಿ ತಲೆ ಎತ್ತಿದೆ. ಬಂಡೆ ಬಹುತೇಕ ಅಲ್ಲೇ ಇತ್ತು. ಇನ್ನೂ ಐವತ್ತು ಹಾಕಿದೆ, ಅದರ ಮೇಲಿನ ಅದೇ ಬಿರುಕು ಮತ್ತೆ ಕಂಡಿತು. ಬರುವಾಗ ನನ್ನನ್ನು ಹೊತ್ತು ತಂದ ಸೆಳೆತ ಈಗ ಎದುರಿಗಿತ್ತು. ಹಟ ಮಾಡದೆ ದಡಕ್ಕೆ ಅಡ್ಡವಾಗಿ ಈಜಿ, ಮರಳಿನ ಮೇಲೆ ಬರಿಗಾಲಲ್ಲಿ ನಡೆದು ವಾಪಸ್ ಬಂದೆ.

ಲೆಕ್ಕ ಹೀಗಿದೆ. ಎರಡು ನಿಮಿಷಕ್ಕೆ 100 ಮೀಟರ್ ಅಂದರೆ ಸೆಕೆಂಡಿಗೆ 0.83 ಮೀಟರ್. ಸೆಳೆತ ಸೆಕೆಂಡಿಗೆ 0.3 ಮೀಟರ್ ಇದ್ದರೂ, ಅದರ ಜೊತೆಗೆ ಹೋದಾಗ ಪೇಸ್ 1 ನಿಮಿಷ 28 ಸೆಕೆಂಡ್. ಎದುರು ಬಂದಾಗ 3 ನಿಮಿಷ 8 ಸೆಕೆಂಡ್. ಹೋಗುತ್ತಾ ಉಳಿಸಿದ್ದು, ಬರುತ್ತಾ ಕಳೆದದ್ದು ಸರಿಹೋಗುತ್ತದೆ ಅಂತ ತಿಳಿಯಬೇಡಿ. 500 ಹೋಗಿ 500 ಬಂದರೆ ನಿಂತ ನೀರಿನಲ್ಲಿ 20 ನಿಮಿಷದ ಈಜು ಇಲ್ಲಿ 23 ನಿಮಿಷ ಆಗುತ್ತದೆ. ಹಾಗಾಗಿ ಕಡಲು, ನದಿಗೆ ಇಳಿದಾಗ ಮೊದಲ 200 ಮೀಟರ್ ಸೆಳೆತಕ್ಕೆ ಎದುರಾಗಿ ಈಜಿ ನೋಡಿ. ಪೇಸ್ ಇದ್ದಕ್ಕಿದ್ದಂತೆ ತುಂಬಾ ಚೆನ್ನಾಗಿ ಬಂದರೆ ಖುಷಿಪಡುವ ಮೊದಲು ಸ್ಟ್ರೋಕ್ ರೇಟ್ (ನಿಮಿಷಕ್ಕೆ ಎಷ್ಟು ಸ್ಟ್ರೋಕ್) ನೋಡಿ. ಅದು ಎಂದಿನಷ್ಟೇ ಇದ್ದು ಪೇಸ್ ಮಾತ್ರ ಚುರುಕಾಗಿದ್ದರೆ ತಳ್ಳುತ್ತಿರುವುದು ನೀರು.

ಸ್ಟ್ರೋಕ್ ರೇಟ್ ಉಪಗ್ರಹದಿಂದ ಬರುವುದಲ್ಲ, ನಿಮ್ಮ ಕೈಯಿಂದಲೇ ಬರುವುದು. ಅದಕ್ಕೇ ನನಗೆ ಅದರ ಮೇಲೆ ದೂರಕ್ಕಿಂತ ಜಾಸ್ತಿ ನಂಬಿಕೆ. ಕೆಲವು ವಾಚ್ ಒಂದೇ ಕೈಯ ಎಣಿಕೆ ತೋರಿಸುತ್ತವೆ, ಎರಡೂ ಕೈಯದು ಬೇಕಿದ್ದರೆ ದ್ವಿಗುಣ ಮಾಡಿಕೊಳ್ಳಿ. ಮೊದಲ ಹತ್ತು ನಿಮಿಷ 60 ಇದ್ದದ್ದು ಕೊನೆಗೆ 52ಕ್ಕೆ ಇಳಿದಿದ್ದರೆ ಅದು ಸುಸ್ತು. ದೂರ ಎಷ್ಟೇ ತಪ್ಪಿದ್ದರೂ ಈ ಮಾತು ತಪ್ಪುವುದಿಲ್ಲ. ಈಜುತ್ತಿರುವಾಗ ಕಾಣುವ ಆ ಕ್ಷಣದ ಪೇಸ್ ಮಾತ್ರ ನಂಬಬೇಡಿ, ಪರದೆಯಿಂದಲೇ ತೆಗೆದುಹಾಕಿ. ದೊಡ್ಡ ಅಕ್ಷರದಲ್ಲಿ ಸಮಯ, ದೂರ ಎರಡೇ ಇರಲಿ. 500 ಮೀಟರ್‌ಗೆ ಒಂದು ಕಂಪನ ಇಟ್ಟುಕೊಳ್ಳಿ.

ಎದೆಬಡಿತದ 95, 170ಕ್ಕೂ ಕಾರಣ ನೀರೇ. ವಾಚ್‌ನ ಹಿಂಭಾಗದ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ನೋಡುತ್ತದೆ. ವಾಚ್‌ಗೂ ಚರ್ಮಕ್ಕೂ ನಡುವೆ ನೀರು ನುಗ್ಗಿದರೆ, ಪ್ರತಿ ಸ್ಟ್ರೋಕ್‌ಗೂ ವಾಚ್ ಅಲುಗಾಡಿದರೆ ಅದು ಗಲಿಬಿಲಿಯಾಗುತ್ತದೆ. ತಣ್ಣೀರಿನಲ್ಲಿ ಮಣಿಕಟ್ಟಿನ ರಕ್ತನಾಳಗಳೂ ಸಂಕುಚಿಸುತ್ತವೆ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ಸರಿ. ಆದರೆ ಬ್ಲೂಟೂತ್ 2.4 ಗಿಗಾಹರ್ಟ್ಸ್‌ನದು, ಅದೂ ನೀರಿನಲ್ಲಿ ಸಾಗುವುದಿಲ್ಲ. ಹಾಗಾಗಿ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡು ಆಮೇಲೆ ವಾಚ್‌ಗೆ ಕೊಡುವ ಪಟ್ಟಿ ಬೇಕು. ಪೋಲಾರ್ ಕಂಪನಿಯ ವೆರಿಟಿ ಸೆನ್ಸ್ ಥರದ ಪುಟ್ಟ ಎದೆಬಡಿತದ ಸೆನ್ಸರ್ ಅನ್ನು ಗಾಗಲ್ಸ್ ಪಟ್ಟಿಗೆ ಸಿಕ್ಕಿಸಿ ಕಣತಲೆಯ ಮೇಲೆ ಇಟ್ಟುಕೊಳ್ಳಬಹುದು. ನೀವು ಈಗಷ್ಟೇ ಕೆರೆಗೆ ಇಳಿದವರು. ಎದೆಬಡಿತದ ಚಿಂತೆ ಸದ್ಯಕ್ಕೆ ಬಿಡಿ.

ಅದಕ್ಕಿಂತ ಗೆರೆಯ ಆಕಾರವನ್ನು ಓದಲು ಕಲಿಯಿರಿ. ಹೊಸಬರಿಗೆ ವಾಚ್ ನಿಜವಾಗಿ ಕಲಿಸುವುದು ಇಲ್ಲೇ. ಗೆರೆಯಲ್ಲಿ ಎರಡು ಥರದ ಸೊಟ್ಟ ಇರುತ್ತದೆ. ಗರಗಸದ ಹಲ್ಲಿನಂತೆ ಚೂಪಾಗಿ, ಕೆಲವೇ ಮೀಟರ್‌ಗೊಮ್ಮೆ ಆಚೀಚೆ ಜಿಗಿದಿದ್ದರೆ ಅದು ವಾಚ್‌ನದು. ಮನುಷ್ಯ ಹಾಗೆ ಈಜಲಾರ. 50, 100 ಮೀಟರ್ ಉದ್ದಕ್ಕೆ ನಿಧಾನವಾಗಿ ಒಂದೇ ಕಡೆಗೆ ಬಾಗಿ, ಆಮೇಲೆ ಥಟ್ಟನೆ ಬೋಯ್ ಕಡೆಗೆ ತಿರುಗಿದ್ದರೆ ಅದು ನಿಮ್ಮದು. ಆ ತಿರುವಿನ ಜಾಗದಲ್ಲಿ ನೀವು ತಲೆ ಎತ್ತಿ ನೋಡಿದ್ದೀರಿ, "ಅಯ್ಯೋ, ಎಲ್ಲಿಗೋ ಬಂದೆ" ಅಂತ ಸರಿಮಾಡಿಕೊಂಡಿದ್ದೀರಿ. ಬಾಗು ಸದಾ ಒಂದೇ ಕಡೆಗಿದ್ದರೆ ಒಂದು ಕೈ ಜಾಸ್ತಿ ಎಳೆಯುತ್ತಿದೆ, ಇಲ್ಲವೇ ಉಸಿರು ತೆಗೆಯುವಾಗ ಮುಂದಿನ ಕೈ ಎದೆಯ ಮಧ್ಯದ ಗೆರೆ ದಾಟಿ ಆಚೆ ಹೋಗುತ್ತಿದೆ ಅಂತ ಅರ್ಥ. ಪೂಲ್‌ನಲ್ಲಿ ತಳದ ಕಪ್ಪು ಗೆರೆ ನೋಡಿಕೊಂಡು ಈಜುವಾಗ ಇದು ಗೊತ್ತೇ ಆಗುವುದಿಲ್ಲ. ಆರರಿಂದ ಹತ್ತು ಸ್ಟ್ರೋಕ್‌ಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು, ಬೋಯ್ ಹಿಂದಿನ ಮರವನ್ನೋ ಗೋಪುರವನ್ನೋ ನೋಡಿ, ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳಿ. ಎರಡು ವಾರ ಹೀಗೆ ಮಾಡಿ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಸುರಕ್ಷತೆಯ ಮಾತು ಬಂದಾಗ ವಾಚನ್ನು ನೆಚ್ಚಿಕೊಳ್ಳಬೇಡಿ. ಫೋನ್ ಸಿಗ್ನಲ್ ಇರುವ ವಾಚ್ ಆದರೂ ಕೈ ಮುಳುಗಿದಾಗ ಅದರಿಂದ ಯಾರಿಗೂ ಸುದ್ದಿ ಹೋಗುವುದಿಲ್ಲ. ಒಬ್ಬರೇ ಇಳಿಯಬೇಡಿ. ಆದರೆ ಒಂದು ಉಪಕಾರ ಅದರಿಂದ ಮಾಡಿಸಿಕೊಳ್ಳಿ. ಒಟ್ಟು 30 ನಿಮಿಷ ಈಜುವುದಾದರೆ 13ನೇ ನಿಮಿಷಕ್ಕೆ ಒಂದು ಅಲಾರಂ ಇಟ್ಟು, ಗುರ್ ಅಂದ ಕೂಡಲೇ ಎಲ್ಲಿದ್ದರೂ ತಿರುಗಿ. ತಣ್ಣೀರಿನಲ್ಲಿ ಕೈ ಮರಗಟ್ಟಿ ಆ ಕಂಪನವೇ ಗೊತ್ತಾಗಲಿಲ್ಲ ಅಂದರೆ ಆಗಲೇ ಹೊರಗೆ ಬರುವ ಹೊತ್ತು ಮೀರಿದೆ ಅಂತ ತಿಳಿಯಿರಿ. ಮನೆಗೆ ಬಂದು ವಾಚನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜ್‌ಗೆ ಹಾಕಿ. ಉಪ್ಪಿನ ಪಸೆ ಇದ್ದಾಗ ಚಾರ್ಜ್ ಮಾಡಿದರೆ ಹಿಂದಿನ ಲೋಹದ ಚುಕ್ಕೆಗಳು ತುಕ್ಕು ಹಿಡಿಯುತ್ತವೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಒಂದು ಪರೀಕ್ಷೆ ಮಾಡಿ. ಗಾಳಿ ಇಲ್ಲದ ಬೆಳಿಗ್ಗೆ ಎರಡೇ ಬೋಯ್ ಆರಿಸಿಕೊಳ್ಳಿ. ಟೋ ಫ್ಲೋಟ್‌ನಲ್ಲಿ ಫೋನ್ ಹಾಕಿ ಅದರಲ್ಲೂ ದಾರಿ ರೆಕಾರ್ಡ್ ಆಗಲಿ. ಆ ಎರಡು ಬೋಯ್ ನಡುವೆ ಬರೀ ಫ್ರೀಸ್ಟೈಲ್‌ನಲ್ಲಿ ನಾಲ್ಕು ಸಲ ಹೋಗಿ ಬನ್ನಿ, ಪ್ರತಿ ಸಲ ತಿರುಗುವಾಗ ಲ್ಯಾಪ್ ಬಟನ್ ಒತ್ತಿ. ವಾಚ್‌ನ ಎಂಟು ಅಳತೆಗಳು ಒಂದಕ್ಕೊಂದು ಹತ್ತಿರ ಇದ್ದು, ಫೋನ್ ತೋರಿಸಿದ್ದಕ್ಕಿಂತ ಶೇಕಡಾ 5ರೊಳಗೆ ಆಚೀಚೆ ಇದ್ದರೆ ವಾಚ್ ಚೆನ್ನಾಗಿದೆ. ಫೋನ್‌ನ ಗೆರೆ ನೇರವಾಗಿದ್ದು, ವಾಚ್‌ನದು ಪ್ರತಿ ಲ್ಯಾಪ್‌ನಲ್ಲೂ ನೂರಾರು ಮೀಟರ್ ತಪ್ಪಿದ್ದರೆ, ದಡದ ಮೇಲೆ ಒಂದು ಕಿಲೋಮೀಟರ್ ನಡೆದಾಗಲೂ ಹಾಗೇ ತಪ್ಪಿದ್ದರೆ, ಆಗ ಎರಡೂ ಮ್ಯಾಪ್ ಹಿಡಿದುಕೊಂಡು ಕೊಂಡ ಅಂಗಡಿಗೆ ಹೋಗಿ.